ಮಣ್ಣಿಗೂ ಕಲ್ಲಿಗೂ ಒಂದೇ ರೇಟು: ಘಟ್ಟದ ಪೈಪ್‌ಲೈನ್ ಕೆಲಸ ಹಿಡಿಯುವ ಮುಂಚೆ

ಪ್ರಶ್ನೆ: ಸರ್, ನಾನು ಆಲೂರು ತಾಲ್ಲೂಕಿನವನು. ಎರಡು ಹಿಟಾಚಿ, ಒಂದು ಜೆಸಿಬಿ, ಎರಡು ಟಿಪ್ಪರ್ ಇವೆ. ಎಸ್ಟೇಟ್ ಕೆರೆ, ರಸ್ತೆ, ಕುಡಿಯುವ ನೀರಿನ ಪೈಪ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಘಟ್ಟ ಹತ್ತಿ ಹಾಸನದ ಕಡೆ ಬರುವ 24 ಇಂಚಿನ ಪೈಪ್‌ಲೈನ್ ಒಂದರಲ್ಲಿ 14 ಕಿಲೋಮೀಟರ್ ಟ್ರೆಂಚ್ ಹೊಡೆದು, ಅವರು ಪೈಪ್ ಇಳಿಸಿದ ಮೇಲೆ ಮುಚ್ಚಿಕೊಡಿ ಅಂತ ಹೊರ ರಾಜ್ಯದ ಕಂಪನಿಯೊಂದು ಕೇಳುತ್ತಿದೆ. ಮೀಟರ್‌ಗೆ ಒಂದೇ ರೇಟು, ಮಣ್ಣಾಗಲಿ ಕಲ್ಲಾಗಲಿ. ನೀರಿನ ಪೈಪಿಗೆ ನನಗೆ ಸಿಗುತ್ತಿದ್ದುದಕ್ಕಿಂತ ಎರಡೂವರೆ ಪಟ್ಟು ಇದೆ. ಸಾಲ ಮಾಡಿ ಇನ್ನೆರಡು ಹಿಟಾಚಿ ತೆಗೆದುಕೊಳ್ಳಬೇಕು ಅಂತಿದ್ದೇನೆ. ನಮ್ಮ ಮನೆಯವರು ಬೇಡ ಅಂತಾರೆ. ಬಕೆಟ್ ತಗುಲಿದರೆ ಲೈನ್ ಸಿಡಿದು ಹೋಗುತ್ತೆ ಅನ್ನೋದು ಅವರ ಭಯ. ನಮ್ಮ ಭಾವ ಹೇಳೋದು, ನೀರಿನ ಪೈಪಾದರೇನು ಗ್ಯಾಸ್ ಪೈಪಾದರೇನು, ಗುಂಡಿ ಗುಂಡಿನೇ ಅಂತ. ಏನು ಮಾಡಲಿ?

ಉತ್ತರ: ಮೊದಲು ಮನೆಯವರ ಭಯಕ್ಕೆ ಉತ್ತರ ಹೇಳುತ್ತೇನೆ, ಆಮೇಲೆ ಭಾವನ ಮಾತಿಗೆ, ಆಮೇಲೆ ರೇಟಿಗೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು "ಮಣ್ಣಾಗಲಿ ಕಲ್ಲಾಗಲಿ" ಅನ್ನುವ ಮಾತು.

ಕಟ್ಟುತ್ತಿರುವ ಹೊಸ ಪೈಪ್ ಸಿಡಿಯುವುದಿಲ್ಲ. ಅದರೊಳಗೆ ಇರುವುದು ಬರೀ ಗಾಳಿ. ವೆಲ್ಡಿಂಗ್ ಮುಗಿಯಬೇಕು, ಜಾಯಿಂಟುಗಳ ಎಕ್ಸ್‌ರೇ ಪಾಸಾಗಬೇಕು, ಪೈಪ್ ಇಳಿಸಿ ಮಣ್ಣು ಮುಚ್ಚಬೇಕು, ನೀರು ತುಂಬಿ ಒತ್ತಡ ಪರೀಕ್ಷೆ ಮಾಡಬೇಕು, ಆ ನೀರನ್ನು ಪೂರ್ತಿ ಹೊರಗೆ ತಳ್ಳಬೇಕು. ಇಷ್ಟೆಲ್ಲಾ ಆದ ಮೇಲೇನೇ ಪೆಟ್ರೋಲೋ ಗ್ಯಾಸೋ ಒಳಗೆ ಬರುವುದು. ಅಷ್ಟು ಹೊತ್ತಿಗೆ ನಿಮ್ಮ ಯಂತ್ರಗಳು ಅಲ್ಲಿಂದ ಹೋಗಿ ತಿಂಗಳುಗಳೇ ಕಳೆದಿರುತ್ತವೆ. ನೀರಿನ ಟೆಸ್ಟ್ ನಡೆಯುವ ದಿನಗಳಲ್ಲಿ ಮಾತ್ರ ಯಾರೂ ಲೈನ್ ಹತ್ತಿರ ಸುಳಿಯಬಾರದು. ಅಷ್ಟು ಒತ್ತಡದ ನೀರೂ ಮನುಷ್ಯನನ್ನು ಕೊಲ್ಲುತ್ತದೆ.

ಆದರೆ ಮನೆಯವರ ಭಯ ಪೂರ್ತಿ ಸುಳ್ಳಲ್ಲ. ನಿಮ್ಮ ಕಡೆ ನೆಲದೊಳಗೆ ಈಗಾಗಲೇ ಹರಿಯುತ್ತಿರುವ ಲೈನುಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರು ಹತ್ತಿರದ ದೇವನಗೊಂದಿಗೆ ಹೋಗುವ ಲೈನಿನಲ್ಲಿ 2003ರಿಂದ ಪೆಟ್ರೋಲ್, ಡೀಸೆಲ್ ಹರಿಯುತ್ತಿದೆ. ಮಂಗಳೂರು, ಹಾಸನ, ಮೈಸೂರು, ಸೋಲೂರು ಕಡೆಗೆ ಎಲ್‌ಪಿಜಿ ಸಾಗಿಸುವ ಇನ್ನೊಂದು ಲೈನ್ ಇದೆ. ಹೊಸ ಲೈನ್ ಇಂಥದ್ದರ ಪಕ್ಕದಲ್ಲೇ ಸಾಗಬಹುದು, ಅಥವಾ ಅಡ್ಡ ದಾಟಬಹುದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗಿ ಚದುರುವುದಿಲ್ಲ, ತಗ್ಗಿನಲ್ಲಿ, ಗುಂಡಿಯಲ್ಲಿ, ಹಳ್ಳದ ಗುಂಟ ನಿಲ್ಲುತ್ತದೆ. ಟ್ರೆಂಚ್ ಅಂದರೆ ಅಂಥದ್ದೇ ತಗ್ಗು. ಹಾಗಾಗಿ ಮೊದಲು ರೂಟ್ ಮ್ಯಾಪ್ ಕೇಳಿ. ಹಳೆ ಲೈನ್ ಎಲ್ಲೆಲ್ಲಿ ಹತ್ತಿರ ಬರುತ್ತದೆ ಅಂತ ಚೈನೇಜ್ (ಲೈನ್ ಶುರುವಾದಲ್ಲಿಂದ ಎಷ್ಟು ದೂರ ಅನ್ನುವ ಅಳತೆ) ಸಮೇತ ಬರೆಸಿಕೊಳ್ಳಿ. ಅಂಥ ಕಡೆ ಮೊದಲು ನೆಲದೊಳಗಿನ ಪೈಪ್ ಪತ್ತೆ ಮಾಡುವ ಲೊಕೇಟರ್ ಹಿಡಿದು ಲೈನ್ ಗುರುತು ಮಾಡಬೇಕು, ಆಮೇಲೆ ಆಳುಗಳು ಗುದ್ದಲಿಯಲ್ಲಿ ಗುಂಡಿ ತೋಡಿ ಪೈಪನ್ನೂ ಅದರ ಜೊತೆ ಮಲಗಿರುವ ಕೇಬಲ್ಲನ್ನೂ ಕಣ್ಣಾರೆ ನೋಡಬೇಕು. ಹಳೆ ಲೈನಿನ ಕಂಪನಿಯವರ ಪರ್ಮಿಟ್ ಇರಬೇಕು, ಅವರ ಮನುಷ್ಯ ಸ್ಥಳದಲ್ಲಿ ನಿಂತಿರಬೇಕು. ಇದರಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೂ ಹಿಟಾಚಿಯ ಕೀ ಆಪರೇಟರ್ ಕೈಗೆ ಕೊಡಬೇಡಿ. ಸೈಟ್ ಎಂಜಿನಿಯರ್ ಎಷ್ಟೇ ಅವಸರ ಮಾಡಿದರೂ ಕೊಡಬೇಡಿ.

ಇನ್ನೊಂದು ಅಪಾಯವನ್ನು ಮನೆಯವರೂ ಹೇಳಿಲ್ಲ, ನೀವೂ ಕೇಳಿಲ್ಲ. ಅದು ಟ್ರೆಂಚಿನ ಗೋಡೆ. ನನ್ನ ವೃತ್ತಿಯಲ್ಲಿ ಬೆಂಕಿಗಿಂತ ಜಾಸ್ತಿ ನಾನು ಹೆದರಿದ್ದು ಇದಕ್ಕೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಮಟ್ಟ ಮಣ್ಣು ಕುಸಿದರೆ ಸಾಕು, ತಲೆ ಹೊರಗಿದ್ದರೂ ಉಸಿರು ಎಳೆಯಲಾಗುವುದಿಲ್ಲ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ನೆಟ್ಟಗೆ ನಿಂತು ಧೈರ್ಯ ಕೊಡುತ್ತದೆ, ಒಂದು ಮಳೆ ಬಿದ್ದ ಮೇಲೆ ಹೇಳದೆ ಕೇಳದೆ ಜಾರುತ್ತದೆ. ಒಂದೂವರೆ ಮೀಟರ್‌ಗಿಂತ ಆಳ ಹೋದರೆ ಗೋಡೆಗೆ ಇಳಿಜಾರು ಕೊಡಬೇಕು, ಇಲ್ಲವೇ ಆಸರೆ ನಿಲ್ಲಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಕಡೇ ಪಕ್ಷ ಒಂದೂವರೆ ಮೀಟರ್ ದೂರ ಹಾಕಬೇಕು. ಇಳಿದವರು ಹತ್ತಿ ಬರಲು ಹತ್ತಿರದಲ್ಲೇ ಏಣಿ ಇರಬೇಕು. ನೀರಿನ ಪೈಪ್ ಕೆಲಸದಲ್ಲಿ ನಿಮ್ಮ ಆಳುಗಳು ಸೊಂಟದ ಮಟ್ಟದ ಗುಂಡಿಯಲ್ಲಿ ನಿಂತು ಅಭ್ಯಾಸ ಆದವರು. ಇಲ್ಲಿ ಅವರು ತಲೆಗಿಂತ ಆಳದಲ್ಲಿ ನಿಲ್ಲುತ್ತಾರೆ.

ಇಲ್ಲಿಂದಲೇ ಭಾವನ ಮಾತಿಗೆ ಬರೋಣ. ಗುಂಡಿ ಗುಂಡಿನೇ ಅನ್ನುವುದು ಎಷ್ಟು ನಿಜ, ಲೆಕ್ಕ ಹಾಕಿ ನೋಡಿ.

ಹಳ್ಳಿಯ ನೀರಿನ ಪೈಪಿಗೆ ನೀವು ಹೊಡೆಯುವುದು ಹೆಚ್ಚೆಂದರೆ ಒಂದು ಮೀಟರ್ ಆಳ, ಅರವತ್ತು ಸೆಂಟಿಮೀಟರ್ ಅಗಲ. ಅಂದರೆ ಮೀಟರ್ ಉದ್ದಕ್ಕೆ 0.6 ಘನ ಮೀಟರ್ ಮಣ್ಣು. ಈಗ 24 ಇಂಚಿನ ಪೈಪ್ ತೆಗೆದುಕೊಳ್ಳಿ. ಅದರ ಹೊರ ವ್ಯಾಸ 61 ಸೆಂಟಿಮೀಟರ್. ಪೈಪಿನ ತಲೆಯ ಮೇಲೆ ಕನಿಷ್ಠ ಒಂದು ಮೀಟರ್ ಮಣ್ಣು ಇರಲೇಬೇಕು, ಅದು ಕಾನೂನಿನಲ್ಲೇ ಇದೆ. ಕಂಪನಿಗಳು ಹೊಲ ತೋಟಗಳಲ್ಲಿ 1.2 ಮೀಟರ್ ಕೇಳುವುದೂ ಉಂಟು. ಕಲ್ಲು ನೆಲವಾದರೆ ಅಡಿಯಲ್ಲಿ 15 ಸೆಂಟಿಮೀಟರ್ ಮೆತ್ತನೆ ಮಣ್ಣಿನ ಹಾಸಿಗೆ ಬೇರೆ. ಎಲ್ಲಾ ಸೇರಿದರೆ ಎರಡು ಮೀಟರ್ ಆಳ. ಅಗಲ ಒಂದು ಮೀಟರ್ ಮೇಲೆ ಸ್ವಲ್ಪ, 1.1 ಅಂತಿಟ್ಟುಕೊಳ್ಳಿ. ಮೀಟರ್ ಉದ್ದಕ್ಕೆ 2.2 ಘನ ಮೀಟರ್. ಅಂದರೆ ನೀರಿನ ಪೈಪಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಮಣ್ಣು. ನಿಮಗೆ ಕೊಡುತ್ತೇವೆ ಅಂದಿರುವುದು ಎರಡೂವರೆ ಪಟ್ಟು ರೇಟು. ಮಣ್ಣಿನ ಲೆಕ್ಕದಲ್ಲಿ ನೋಡಿದರೆ ನೀವು ಈಗ ಮಾಡುತ್ತಿರುವ ಕೆಲಸಕ್ಕಿಂತ ಕಡಿಮೆಗೆ ಒಪ್ಪಿಕೊಂಡಂತೆ ಆಗುತ್ತದೆ.

ಇದು ಗೋಡೆ ನೆಟ್ಟಗೆ ನಿಂತರೆ ಮಾತ್ರ. ಮಣ್ಣು ಜಾರುವ ಜಾಗದಲ್ಲಿ ಗೋಡೆಗೆ 45 ಡಿಗ್ರಿ ಇಳಿಜಾರು ಕೊಡಬೇಕಾಗಿ ಬಂದರೆ ಅದೇ ಎರಡು ಮೀಟರ್ ಆಳಕ್ಕೆ ಮೀಟರ್‌ಗೆ 6.2 ಘನ ಮೀಟರ್ ತೆಗೆಯಬೇಕಾಗುತ್ತದೆ. ಉದ್ದ ಅಷ್ಟೇ, ಬಿಲ್ಲೂ ಅಷ್ಟೇ, ಡೀಸೆಲ್ ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು.

ಮೀಟರ್ ಲೆಕ್ಕದ ರೇಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಇದು ಬಯಲು ಸೀಮೆಯ ರೇಟು. ನಾನು ಗುಜರಾತಿನ ಕಡೆಯೂ ರಾಜಸ್ಥಾನದ ಕಡೆಯೂ ಲೈನ್ ಹಾಕಿದ್ದೇನೆ. ಅಲ್ಲಿ ದಿನವೆಲ್ಲ ಬಕೆಟ್ ಆಡಿಸಿಕೊಂಡು ಹೋದರೆ ಸಂಜೆಗೆ ಎಷ್ಟು ಉದ್ದ ಆಗುತ್ತದೆ ಅಂತ ಬೆಳಗ್ಗೆಯೇ ಹೇಳಬಹುದು. ಮಳೆ ಕಡಿಮೆ, ಬಂಡೆ ಕಡಿಮೆ, ನೆಲ ಸಮ. ಅಲ್ಲಿ ಮೀಟರ್ ರೇಟು ಎರಡೂ ಕಡೆಯವರಿಗೆ ನ್ಯಾಯವೇ. ಅದೇ ಕಾಗದವನ್ನು ತಂದು ಆಲೂರು, ಸಕಲೇಶಪುರದಲ್ಲಿ ಸಹಿ ಹಾಕಿಸಿದರೆ ಆ ನೆಲದ ಅಪಾಯವೆಲ್ಲ ನಿಮ್ಮ ತಲೆ ಮೇಲೆ ಬಂದು ಕೂರುತ್ತದೆ. ಕಂಪನಿಯವರು ಮೋಸ ಮಾಡಲೆಂದೇ ಬಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಮೇಲಿನವರು ಅವರ ತಲೆ ಮೇಲೆ ಹಾಕಿದ್ದನ್ನು ಅವರು ಕೆಳಗಿನವರಿಗೆ ದಾಟಿಸುತ್ತಿದ್ದಾರೆ. ಅದಕ್ಕೂ ಕೆಳಗೆ ದಾಟಿಸಲು ನಿಮಗೆ ಯಾರೂ ಇಲ್ಲ.

ಕಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯ ಅಡಿಯಲ್ಲಿರುವುದು ನೈಸ್ ಮತ್ತು ಗ್ರಾನೈಟ್. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಬಂಡೆ. ತೊಂದರೆ ಏನೆಂದರೆ ಈ ಬಂಡೆಯ ತಲೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಕಡೆ ಮೂವತ್ತು ಅಡಿ ಮಣ್ಣು, ಇನ್ನೂರು ಮೀಟರ್ ಆಚೆ ಎರಡು ಅಡಿಗೇ ಕಲ್ಲು. ಒಳ್ಳೆ ಮಣ್ಣಿನಲ್ಲಿ 20 ಟನ್ನಿನ ಹಿಟಾಚಿ ಇಂಥ ಟ್ರೆಂಚನ್ನು ದಿನಕ್ಕೆ ನೂರೈವತ್ತು ಮೀಟರ್ ಆರಾಮಾಗಿ ತೆಗೆಯುತ್ತದೆ. ಅದೇ ಯಂತ್ರಕ್ಕೆ ಕಲ್ಲು ಒಡೆಯುವ ಬ್ರೇಕರ್ ಕಟ್ಟಿ ಗಟ್ಟಿ ಬಂಡೆಯಲ್ಲಿ ನಿಲ್ಲಿಸಿದರೆ ಹತ್ತು ಹದಿನೈದು ಮೀಟರ್ ಸಾಗಿದ ದಿನವನ್ನು ನಾನು ಒಳ್ಳೆ ದಿನ ಅಂತಲೇ ಲೆಕ್ಕ ಹಿಡಿಯುತ್ತಿದ್ದೆ. ಚಿಸಲ್ ಸವೆಯುತ್ತದೆ, ಹೋಸ್ ಒಡೆಯುತ್ತದೆ, ಬೂಮಿನ ಪಿನ್ನುಗಳು ಸಡಿಲ ಆಗುತ್ತವೆ. ಮದ್ದಿಟ್ಟು ಒಡೆಯೋಣ ಅಂದರೆ ಅದಕ್ಕೆ ಲೈಸೆನ್ಸ್ ಇರುವವರೇ ಬೇಕು, ಹಳೆ ಲೈನ್ ಪಕ್ಕದಲ್ಲಿದ್ದರೆ ಆ ಮಾತೇ ಇಲ್ಲ.

ಕಲ್ಲು ಒಡೆದರೆ ಅರ್ಧ ಕೆಲಸ ಮುಗಿದ ಹಾಗೆ, ಅಷ್ಟೇ. ಒಡೆದ ಕಲ್ಲನ್ನು ಪೈಪ್ ಮೇಲೆ ಹಾಕುವಂತಿಲ್ಲ. ಪೈಪಿನ ಅಡಿ, ಅಕ್ಕಪಕ್ಕ, ತಲೆ ಮೇಲೆ 15 ಸೆಂಟಿಮೀಟರ್‌ವರೆಗೆ ಜರಡಿ ಹಿಡಿದ ಮೆತ್ತನೆ ಮಣ್ಣೇ ಬೇಕು. ಪ್ಯಾಡಿಂಗ್ ಅನ್ನುತ್ತಾರೆ. ಮೀಟರ್‌ಗೆ 0.7 ಘನ ಮೀಟರ್ ಅಂದುಕೊಂಡರೂ ಒಂದು ಕಿಲೋಮೀಟರ್ ಬಂಡೆಗೆ 700 ಘನ ಮೀಟರ್ ಮಣ್ಣು ಬೇರೆ ಕಡೆಯಿಂದ ಬರಬೇಕು, ಅಷ್ಟೇ ಕಲ್ಲು ಹೊರಗೆ ಹೋಗಬೇಕು. ಕಾಫಿ ತೋಟದ ಕಿರುದಾರಿಯಲ್ಲಿ ಟಿಪ್ಪರ್ ಓಡಿಸಿ ಗೊತ್ತಿರುವ ನಿಮಗೆ ಇದರ ಅರ್ಥ ನಾನು ಹೇಳಬೇಕಾಗಿಲ್ಲ. ಆ ಮಣ್ಣಿನ ಬೆಲೆ, ರಾಜಧನ, ಸಾಗಣೆ ಯಾರ ಖಾತೆಗೆ ಅಂತ ನಿಮಗೆ ಕೊಟ್ಟಿರುವ ಕರಡಿನಲ್ಲಿ ಹುಡುಕಿ. ಏನೂ ಬರೆದಿಲ್ಲ ಅಂದರೆ ಅದು ನಿಮ್ಮದೇ.

ಬಂಡೆ ಎಷ್ಟು ಆಳಕ್ಕಿದೆ ಅಂತ ಮೊದಲೇ ತಿಳಿಯುವುದು ಹೇಗೆ? ಸರ್ವೆ ರಿಪೋರ್ಟ್ ಕೇಳಿ, ಕೊಡುತ್ತಾರೆ. ಆದರೆ ಅದರಲ್ಲಿ ಬೋರ್‌ಹೋಲ್‌ಗಳು ದೂರ ದೂರ ಇರುತ್ತವೆ. ನಿಮಗೆ ಇನ್ನೊಂದು ದಾರಿ ಇದೆ, ಹೊರಗಿನಿಂದ ಬಂದವರಿಗೆ ಅದು ತೋಚುವುದಿಲ್ಲ. ಲೈನ್ ಹೋಗುವ ದಾರಿಯ ಅಕ್ಕಪಕ್ಕದ ತೋಟದವರನ್ನು ಕೇಳಿ, ಬೋರ್‌ವೆಲ್ ಕೊರೆಸಿದಾಗ ಎಷ್ಟು ಅಡಿ ಕೇಸಿಂಗ್ ಇಳಿಸಿದರು ಅಂತ. ಕೇಸಿಂಗ್ ಇಳಿಯುವುದು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಅರವತ್ತು ಅಡಿ ಕೇಸಿಂಗ್ ಅಂದರೆ ಅಲ್ಲಿ ನಿಮ್ಮ ಬಕೆಟ್‌ಗೆ ಕಷ್ಟವಿಲ್ಲ. ಹತ್ತು ಅಡಿ ಅಂದರೆ ಎಚ್ಚರ. ಬಿಲ್ ಇಟ್ಟುಕೊಂಡವರು ಇರುತ್ತಾರೆ, ಇಲ್ಲದಿದ್ದರೂ ಆ ಲೆಕ್ಕ ಯಾರೂ ಮರೆಯುವುದಿಲ್ಲ, ದುಡ್ಡು ಕೊಟ್ಟಿರುತ್ತಾರಲ್ವಾ. ಹಳೆ ತೆರೆದ ಬಾವಿಗಳಿಗೂ ಇಣುಕಿ ನೋಡಿ, ಕಲ್ಲಿನ ಮಟ್ಟ ಗೋಡೆಯಲ್ಲೇ ಕಾಣುತ್ತದೆ. 14 ಕಿಲೋಮೀಟರನ್ನೂ ಒಮ್ಮೆ ನಡೆಯಿರಿ. ಬೈಕಿನಲ್ಲಿ ಹೋಗಬೇಡಿ, ಲೈನ್ ಮೇಲೇ ನಡೆಯಿರಿ. ಅನುಮಾನ ಬಂದ ಕಡೆ ನಿಮ್ಮದೇ ಜೆಸಿಬಿಯಲ್ಲಿ, ಜಾಗದವರ ಒಪ್ಪಿಗೆ ಪಡೆದು, ಎರಡು ಮೀಟರ್ ಗುಂಡಿ ತೆಗೆದು ನೋಡಿ. ಈ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಇನ್ನು ಮಳೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೆಂಚ್ ಕೆಲಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅಕ್ಟೋಬರ್ ಪೂರ್ತಿ ನೆಲ ಒಣಗುವುದರಲ್ಲೇ ಕಳೆಯುತ್ತದೆ. ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ.

ಮಳೆಯ ಇನ್ನೊಂದು ಕಾಟ ನೀರಿನ ಪೈಪ್ ಹಾಕಿದವರು ನೋಡಿರುವುದಿಲ್ಲ. ಈ ಉಕ್ಕಿನ ಪೈಪ್ ತೇಲುತ್ತದೆ. 24 ಇಂಚಿನ, ಒಂಬತ್ತೂವರೆ ಮಿಲಿಮೀಟರ್ ದಪ್ಪದ ಪೈಪ್ ಮೀಟರ್‌ಗೆ ಸುಮಾರು 140 ಕೆಜಿ ತೂಗುತ್ತದೆ. ಹನ್ನೆರಡು ಮೀಟರ್‌ನ ಒಂದು ಪೈಪ್ ಅಂದರೆ 1.7 ಟನ್ ಹತ್ತಿರ. ಆದರೆ ಎರಡು ತುದಿ ಮುಚ್ಚಿದ ಖಾಲಿ ಪೈಪ್ ನೀರಿನಲ್ಲಿ ಮುಳುಗಿದಾಗ ಮೀಟರ್‌ಗೆ 290 ಕೆಜಿಯಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತೂಕಕ್ಕಿಂತ ಎತ್ತುವ ಬಲ ಎರಡು ಪಟ್ಟು. ಒಂದು ಗದ್ದೆ ಬಯಲಿನಲ್ಲಿ ರಾತ್ರಿಯೆಲ್ಲ ಮಳೆ ಹೊಡೆದು, ಬೆಳಗ್ಗೆ ಹೋಗಿ ನೋಡಿದರೆ ಹಿಂದಿನ ದಿನ ಇಳಿಸಿದ್ದ ಪೈಪ್ ನೂರಾರು ಮೀಟರ್ ಉದ್ದಕ್ಕೂ ಟ್ರೆಂಚಿನ ಬಾಯಿಗೆ ಬಂದು ನಿಂತಿತ್ತು. ಗೋಡೆ ಕುಸಿದು ಮಣ್ಣು ಪೈಪಿನ ಅಡಿಗೆ ಸೇರಿಕೊಂಡಿತ್ತು. ನೀರು ಪಂಪ್ ಮಾಡಿ, ಪೈಪ್ ಎತ್ತಿ, ಕೆಸರು ಬಳಿದು, ಕೋಟಿಂಗ್ ಮತ್ತೆ ಪರೀಕ್ಷೆ ಮಾಡಿಸಿ, ಮತ್ತೆ ಇಳಿಸಿದ್ದಾಯಿತು. ಆ ಕೆಲಸಕ್ಕೆ ಯಾರ ಬಿಲ್ಲಿನಲ್ಲೂ ಐಟಂ ಇರಲಿಲ್ಲ. ಪೈಪ್ ಇಳಿದ ದಿನವೇ ಮುಚ್ಚಬೇಕು ಅನ್ನುವುದು ಇದಕ್ಕೇ. ಇಳಿಸುವವರು ಅವರು, ಮುಚ್ಚುವವರು ನೀವು ಅಂತಾದಾಗ, ಸಂಜೆ ಆರು ಗಂಟೆಗೆ ಇಳಿಸಿ ಹೋದ ಪೈಪಿಗೆ ರಾತ್ರಿ ಮಳೆ ಬಂದರೆ ಹೊಣೆ ಯಾರದು? ಇದನ್ನು ಮೊದಲೇ ಮಾತಾಡಿ ಬರೆಸಿಕೊಳ್ಳಬೇಕು.

ಈಗ ಕೋಟಿಂಗ್. ನಿಮ್ಮ ಆಪರೇಟರ್‌ಗಳಿಗೆ ಇದನ್ನು ನೀವೇ ಕೂರಿಸಿಕೊಂಡು ಹೇಳಬೇಕು. ಪೈಪಿನ ಮೇಲೆ ಇರುವ ಕಪ್ಪು ಪದರ ಪಾಲಿಥೀನ್, ದಪ್ಪ ಮೂರು ಮಿಲಿಮೀಟರ್ ಆಸುಪಾಸು. ಇಳಿಸುವ ಮುಂಚೆ ಒಬ್ಬ ಮನುಷ್ಯ ಪೈಪಿಗೆ ಸ್ಪ್ರಿಂಗ್ ಉಂಗುರ ಸುತ್ತಿ ತಳ್ಳಿಕೊಂಡು ಬರುತ್ತಾನೆ. ಅದರಲ್ಲಿ 25,000 ವೋಲ್ಟ್ ಇರುತ್ತದೆ. ಸೂಜಿ ಮೊನೆಯಷ್ಟು ತೂತಿದ್ದರೂ ಟಕ್ ಅಂತ ನೀಲಿ ಕಿಡಿ ಹಾರಿ ಮಿಷನ್ ಕೂಗುತ್ತದೆ. ಅಲ್ಲಿ ಚಾಕಿನಲ್ಲಿ ಸುತ್ತು ಹಾಕಿ, ಕೆರೆದು, ಬಿಸಿ ಮಾಡಿ ಪ್ಯಾಚ್ ಹಾಕುತ್ತಾರೆ. ಇಷ್ಟು ಜೋಪಾನ ಮಾಡಿ ಇಳಿಸಿದ ಪೈಪಿನ ಮೇಲೆ ನಿಮ್ಮ ಆಪರೇಟರ್ ತಲೆ ಗಾತ್ರದ ಕಲ್ಲು ಇರುವ ಮಣ್ಣನ್ನು ಎರಡು ಮೀಟರ್ ಮೇಲಿಂದ ಸುರಿದರೆ ಎಲ್ಲಾ ವ್ಯರ್ಥ. ಕೋಟಿಂಗ್ ಹರಿದ ಜಾಗದಲ್ಲಿ ಮಣ್ಣಿನ ತೇವ ಉಕ್ಕನ್ನು ಮುಟ್ಟುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಲೈನಿಗೆ ಕರೆಂಟ್ ಕೊಟ್ಟು ತುಕ್ಕು ತಡೆಯುವ ವ್ಯವಸ್ಥೆ ಇರುತ್ತದೆ, ನಿಜ. ಆದರೆ ತೂತುಗಳು ಜಾಸ್ತಿಯಾದಷ್ಟೂ ಅದರ ಮೇಲೆ ಹೊರೆ.

ಮುಚ್ಚಿದ ಮೇಲೆ ಯಾರು ನೋಡುತ್ತಾರೆ ಅನ್ನುವ ಮಾತು ನೀರಿನ ಪೈಪ್ ಕೆಲಸದಲ್ಲಿ ನಡೆಯಬಹುದು. ಇಲ್ಲಿ ನಡೆಯುವುದಿಲ್ಲ. ಮಣ್ಣಿನ ಮೇಲೆ ನಡೆದುಕೊಂಡೇ ಕೋಟಿಂಗ್ ಎಲ್ಲಿ ಹರಿದಿದೆ ಅಂತ ಹುಡುಕುವ ಸರ್ವೆ ಇದೆ. ಪೈಪಿನ ಒಳಗೆ ಈ ತುದಿಯಿಂದ ಆ ತುದಿಗೆ ಪಿಗ್ ಅನ್ನುವ ಸಾಧನ ಓಡಿಸುತ್ತಾರೆ. ಅದಕ್ಕೆ ಕಟ್ಟಿರುವ ಅಲ್ಯೂಮಿನಿಯಂ ತಟ್ಟೆಯ ಅಗಲ ಪೈಪಿನ ಒಳ ವ್ಯಾಸದ 95 ಶೇಕಡ. ಆ ತುದಿಯಲ್ಲಿ ತಟ್ಟೆ ಬಾಗಿ ಹೊರಬಂದರೆ ಒಳಗೆ ಎಲ್ಲೋ ಪೈಪ್ ಅಮುಕಿದೆ ಅಂತ ಅರ್ಥ. ಎಲ್ಲಿ ಅನ್ನುವುದನ್ನೂ ಇನ್ನೊಂದು ಯಂತ್ರ ಮೀಟರ್ ಸಮೇತ ಹೇಳುತ್ತದೆ. ಆಮೇಲೆ ಅಲ್ಲಿ ಅಗೆದು, ರಿಪೇರಿ ಮಾಡಿ, ಮುಚ್ಚುವ ಖರ್ಚು ಮುಚ್ಚಿದವನ ರಿಟೆನ್ಷನ್ ದುಡ್ಡಿನಿಂದ, ಅಂದರೆ ಅವನ ಬಿಲ್ಲಿನಲ್ಲಿ ಕಂಪನಿ ಹಿಡಿದಿಟ್ಟುಕೊಂಡ ಪಾಲಿನಿಂದ, ಹೋಗುತ್ತದೆ. ಹಾಗಾಗಿ ಆಪರೇಟರ್ ಬಕೆಟ್ ತಾಗಿಸಿದರೆ ಬೈಯಬೇಡಿ. ತಾಗಿತು ಅಂತ ಅವನು ಅಲ್ಲೇ ನಿಲ್ಲಿಸಿ ಹೇಳುವಂಥ ಧೈರ್ಯ ಅವನಿಗೆ ಇರಬೇಕು. ತೆರೆದಿರುವಾಗ ಅರ್ಧ ಗಂಟೆಯ ಪ್ಯಾಚ್ ಕೆಲಸ, ಮುಚ್ಚಿದ ಮೇಲೆ ವಾರದ ಕೆಲಸ. ಹೇಳದೆ ಮಣ್ಣು ಎಳೆದರೆ, ನಾಳೆ ಆ ಜಾಗದಲ್ಲಿ ಸೋರಿದಾಗ ಪಕ್ಕದಲ್ಲಿ ಮನೆ ಇರುವುದು ನಿಮ್ಮ ಊರಿನವರದೇ.

ರೈತರ ವಿಷಯಕ್ಕೂ ಒಂದೆರಡು ಮಾತು. ಈ ಲೈನುಗಳಿಗೆ ಜಮೀನು ಕೊಂಡುಕೊಳ್ಳುವುದಿಲ್ಲ, 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಬಳಸುವ ಹಕ್ಕು ಮಾತ್ರ ಪಡೆಯುತ್ತಾರೆ. ಜಮೀನು ಮಾಲೀಕರದ್ದೇ. ಲೈನ್ ಹೋಗುವ ಆ ಪಟ್ಟಿ ಜಾಗದಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜಮೀನಿನ ಮಾರುಕಟ್ಟೆ ಬೆಲೆಯ 10 ಶೇಕಡ, ಜೊತೆಗೆ ಬೆಳೆ ಮತ್ತು ಮರಗಳ ನಷ್ಟಕ್ಕೆ ಪರಿಹಾರ ಬೇರೆ. ಕಾಫಿ, ಮೆಣಸು, ಅಡಿಕೆ ಇರುವ ಕಡೆ ಈ ಲೆಕ್ಕದಲ್ಲಿ ತಕರಾರು ಬಂದೇ ಬರುತ್ತದೆ. ಪರಿಹಾರ ಸಿಗದ ರೈತ ಬಂದು ಹಿಟಾಚಿ ಮುಂದೆ ನಿಲ್ಲುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ನಿಲ್ಲುತ್ತಿದ್ದೆ. ದುಡ್ಡು ಕೊಡಬೇಕಾದವರು ನೀವಲ್ಲ, ಆದರೆ ನಿಂತ ಯಂತ್ರ ನಿಮ್ಮದು. ಅದಕ್ಕೇ ನಿಂತ ದಿನಕ್ಕೆ ಐಡ್ಲಿಂಗ್ ರೇಟ್ ಒಪ್ಪಂದದಲ್ಲಿ ಇರಬೇಕು. ಕೊನೆಯ ಬಿಲ್ ಪಾಸಾಗಲು ಜಾಗದವರ ಎನ್‌ಒಸಿ ತನ್ನಿ ಅಂತಲೂ ಕೇಳುತ್ತಾರೆ. ಮೇಲಿನ ಒಂದು ಅಡಿ ಫಲವತ್ತಾದ ಮಣ್ಣನ್ನು ಬೇರೆಯಾಗಿ ಗುಡ್ಡೆ ಹಾಕಿ, ಕೊನೆಗೆ ಅದನ್ನೇ ಮೇಲೆ ಹರಡಿದರೆ ಆ ಸಹಿ ಸುಲಭವಾಗಿ ಸಿಗುತ್ತದೆ. ನಿಮ್ಮ ಭಾಗದಲ್ಲಿ ಆನೆ ಓಡಾಟವೂ ಇದೆ. ರಾತ್ರಿ ಪಾಳಿ ಕೆಲಸ ಅಂತ ಯಾರಾದರೂ ಕೇಳಿದರೆ ಒಪ್ಪಬೇಡಿ. ಟ್ರೆಂಚನ್ನು ಕಿಲೋಮೀಟರ್‌ಗಟ್ಟಲೆ ತೆರೆದಿಡಬೇಡಿ. ದನಕರು, ಕಾಡುಪ್ರಾಣಿ ದಾಟಲು ನಡುನಡುವೆ ಜಾಗ ಬಿಡಿ.

ಈಗ ನಿಮ್ಮ ಮುಂದಿರುವ ದಾರಿಗಳು.

ಅವರು ಹೇಳಿದಂತೆ 14 ಕಿಲೋಮೀಟರ್, ಒಂದೇ ಮೀಟರ್ ರೇಟಿಗೆ, ಸಾಲದ ಯಂತ್ರ ಹಾಕಿ ಮಾಡುವುದು. ಇದು ಬೇಡ. ಸ್ಪಷ್ಟವಾಗಿ ಹೇಳುತ್ತಿದ್ದೇನೆ. ಎರಡು ಕಿಲೋಮೀಟರ್ ಬಂಡೆ ಸಿಕ್ಕರೆ ಉಳಿದ ಹನ್ನೆರಡರ ಲಾಭ ಅಲ್ಲಿಗೇ ಹೋಗುತ್ತದೆ. ಆಗ ಸುಮ್ನೆ ಬಿಟ್ಟು ಬರಲೂ ಆಗುವುದಿಲ್ಲ, ರಿಟೆನ್ಷನ್ ಅವರ ಹತ್ತಿರ, ಕಂತು ನಿಮ್ಮ ಮೇಲೆ. ಒಂದು ಲೈನ್ ಮುಗಿದ ಮೇಲೆ ಇನ್ನೊಂದು ಲೈನ್ ನಿಮ್ಮ ಜಿಲ್ಲೆಗೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅದನ್ನು ನಂಬಿ ಹಿಟಾಚಿ ಕೊಳ್ಳುವುದು ಸರಿಯಲ್ಲ.

ಎರಡನೆಯದು, ಇರುವ ಎರಡು ಹಿಟಾಚಿಯನ್ನು ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಕೊಡುವುದು. ಡೀಸೆಲ್ ಅವರದು, ಆಪರೇಟರ್ ನಿಮ್ಮವನು, ತಿಂಗಳಿಗೆ ಇಷ್ಟು ಗಂಟೆ ಖಾತ್ರಿ. ಬ್ರೇಕರ್ ಗಂಟೆಗೆ ಬೇರೆ ರೇಟು. ಲಾಭ ಕಡಿಮೆ, ಆದರೆ ಕಲ್ಲು ಸಿಕ್ಕರೆ ತಲೆನೋವು ಅವರದು. ಇದರಲ್ಲಿ ಇರುವ ಅಪಾಯ ಲಾಗ್ ಶೀಟ್. ದಿನದ ಗಂಟೆಗಳಿಗೆ ಅದೇ ಸಂಜೆ ಅವರ ಸೂಪರ್‌ವೈಸರ್ ಸಹಿ ಆಗಬೇಕು. ತಿಂಗಳ ಕೊನೆಗೆ ಒಟ್ಟಿಗೆ ಮಾಡೋಣ ಅಂದರೆ ಜಗಳ ಖಂಡಿತ. ಯಂತ್ರ ನಿಂತ ದಿನವನ್ನೂ ಯಾಕೆ ನಿಂತಿತು ಅಂತ ಕಾರಣ ಸಮೇತ ಬರೆಸಿ.

ಮೂರನೆಯದು, ಕೆಲಸವನ್ನೇ ಹಿಡಿಯುವುದು, ಆದರೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ, ನೀವು ನಡೆದು ನೋಡಿ ಕೇಸಿಂಗ್ ಲೆಕ್ಕ ತೆಗೆದ ಜಾಗದಲ್ಲಿ. ಮಣ್ಣು, ಗರಸು, ಗಟ್ಟಿ ಬಂಡೆ ಮೂರಕ್ಕೂ ಘನ ಮೀಟರ್‌ನಲ್ಲಿ ಬೇರೆ ಬೇರೆ ರೇಟು. ಇಬ್ಬರೂ ನಿಂತು ಅಳತೆ, ಅಲ್ಲೇ ಸಹಿ. ಪ್ಯಾಡಿಂಗ್ ಮಣ್ಣು ಬೇರೆ ಐಟಂ. ನೀರು ಹೊರಹಾಕುವುದು ಬೇರೆ. ಟೈ-ಇನ್ ಗುಂಡಿಗಳೂ, ಅಂದರೆ ಲೈನಿನ ತುಂಡುಗಳನ್ನು ಜೋಡಿಸಲು ತೋಡುವ ಗುಂಡಿಗಳೂ, ಬೇರೆ. ಈ ಟೈ-ಇನ್ ಗುಂಡಿಯ ಬಗ್ಗೆ ಘಟ್ಟದಲ್ಲಿ ವಿಶೇಷ ಗಮನ ಬೇಕು. ನೀರಿನ ಟೆಸ್ಟ್ ಮಾಡುವಾಗ ಪ್ರತಿ ಹತ್ತು ಮೀಟರ್ ಎತ್ತರದ ವ್ಯತ್ಯಾಸಕ್ಕೆ ಚದರ ಸೆಂಟಿಮೀಟರ್‌ಗೆ ಒಂದು ಕೆಜಿಯಷ್ಟು ಒತ್ತಡ ಕೆಳಗಿನ ತುದಿಯಲ್ಲಿ ಜಾಸ್ತಿಯಾಗುತ್ತದೆ. ಸಕಲೇಶಪುರ ಇರುವುದು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿ. ಘಟ್ಟದ ಕೆಳಗಿನಿಂದ ಮೇಲಿನವರೆಗೆ ಒಂದೇ ಸಲ ಟೆಸ್ಟ್ ಮಾಡಿದರೆ ಕೆಳಗಿನ ಪೈಪ್ ತಡೆಯುವುದಿಲ್ಲ. ಅದಕ್ಕೇ ಲೈನನ್ನು ತುಂಡು ತುಂಡಾಗಿ ಟೆಸ್ಟ್ ಮಾಡುತ್ತಾರೆ. ತುಂಡು ಜಾಸ್ತಿಯಾದಷ್ಟೂ ಜೋಡಿಸುವ ಗುಂಡಿ ಜಾಸ್ತಿ, ನಿಮ್ಮನ್ನು ಮತ್ತೆ ಮತ್ತೆ ಕರೆಯುವುದೂ ಜಾಸ್ತಿ. ಮೀಟರ್ ರೇಟಿನಲ್ಲಿ ಇದೆಲ್ಲ ಪುಕ್ಕಟೆ ಹೋಗುತ್ತದೆ.

ನಾಲ್ಕನೆಯದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನನಗೆ ನಿಮ್ಮ ಮಟ್ಟಿಗೆ ಅದೇ ಹೆಚ್ಚು ಹಿಡಿಸುತ್ತದೆ. ಲೈನ್ ಮುಚ್ಚಿದ ಮೇಲೆ ನೆಲವನ್ನು ಮೊದಲಿನಂತೆ ಮಾಡಿಕೊಡುವ ಕೆಲಸ. ಗದ್ದೆಯ ಬದು ಕಟ್ಟುವುದು, ತೋಟದ ಬೇಲಿ, ಕಾಲುವೆ, ಹಳ್ಳದ ದಂಡೆಗೆ ಕಲ್ಲು ಕಟ್ಟುವುದು, ಇಳಿಜಾರಿನಲ್ಲಿ ಮಳೆ ನೀರು ಟ್ರೆಂಚ್ ಗುಂಟ ಹರಿದು ಮಣ್ಣು ಕೊಚ್ಚದಂತೆ ಅಲ್ಲಲ್ಲಿ ಮಣ್ಣು ಸಿಮೆಂಟಿನ ಚೀಲಗಳ ಅಡ್ಡಗಟ್ಟೆ. ಹೊರಗಿನಿಂದ ಬಂದ ಕಂಪನಿಗೆ ಇದರಲ್ಲಿ ಆಸಕ್ತಿ ಇರುವುದಿಲ್ಲ, ಅವರ ದೊಡ್ಡ ಯಂತ್ರಗಳು ಮುಂದೆ ಹೋಗಿರುತ್ತವೆ. ಆದರೆ ಇದು ಮುಗಿಯದೆ ಅವರಿಗೆ ಕೊನೆ ಬಿಲ್ ಆಗುವುದಿಲ್ಲ. ನಿಮ್ಮ ಜೆಸಿಬಿ, ಟಿಪ್ಪರ್ ಸಾಕು, ಸಾಲ ಬೇಡ. ಮಳೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು, ತೋಟದವರ ಪರಿಚಯ ಇದೆ. ಒಂದೇ ಎಚ್ಚರ: ಮೊದಲ ಮಳೆಗಾಲದಲ್ಲಿ ಮಣ್ಣು ಕುಸಿದರೆ ಎಷ್ಟು ಸಲ ಸರಿಮಾಡಿ ಕೊಡಬೇಕು ಅನ್ನುವುದಕ್ಕೆ ಮಿತಿ ಬರೆಸಿ.

ನಾನಾದರೆ ಈ ವರ್ಷ ಎರಡನೆಯದು ಮತ್ತು ನಾಲ್ಕನೆಯದು ಸೇರಿಸಿ ಮಾಡುತ್ತಿದ್ದೆ. ಕಂಪನಿಯ ಕೆಲಸದ ರೀತಿ, ಅವರು ದುಡ್ಡು ಕೊಡುವ ರೀತಿ ಒಂದು ಸೀಸನ್ ನೋಡಿದ ಮೇಲೆ ಮೂರನೆಯದಕ್ಕೆ ಕೈ ಹಾಕುತ್ತಿದ್ದೆ.

ದುಡ್ಡಿನ ವಿಷಯದಲ್ಲಿ ಒಂದು ಷರತ್ತನ್ನು ಹುಡುಕಿ ನೋಡಿ: ಮೇಲಿನಿಂದ ನಮಗೆ ಬಂದ ಮೇಲೆ ನಿಮಗೆ ಅಂತ ಬರೆದಿರುತ್ತಾರೆ. ಅದನ್ನು ತೆಗೆಸಿ, ಬಿಲ್ ಸರ್ಟಿಫೈ ಆಗಿ ಇಷ್ಟು ದಿನದಲ್ಲಿ ಅಂತ ಹಾಕಿಸಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇನ್ನೂ ಮಾಡಿಸದಿದ್ದರೆ ಕೆಲಸಕ್ಕೆ ಸಹಿ ಹಾಕುವ ಮುಂಚೆ ಮಾಡಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕಾಮಗಾರಿ ಗುತ್ತಿಗೆಗೆ ಇದು ಅನ್ವಯ ಆಗುತ್ತದೆಯೇ ಅನ್ನುವುದರ ಮೇಲೆ ಕೋರ್ಟುಗಳಲ್ಲಿ ಬೇರೆ ಬೇರೆ ತೀರ್ಪುಗಳು ಬಂದಿವೆ. ಇದೊಂದನ್ನೇ ನಂಬಿ ಕೂರಬೇಡಿ. ಎರಡು ಬಿಲ್ ಬಾಕಿ ಇದ್ದರೆ ಮೂರನೆಯದಕ್ಕೆ ಯಂತ್ರ ಓಡಿಸುವುದಿಲ್ಲ ಅಂತ ಮೊದಲ ದಿನವೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಮುಂದಿನ ಸಲ ಅವರ ಎಂಜಿನಿಯರ್ ಬಂದಾಗ ರೇಟಿನ ಮಾತು ಎತ್ತುವ ಮೊದಲು ನಾಲ್ಕು ಕಾಗದ ಕೇಳಿ: ಚೈನೇಜ್ ಸಮೇತ ರೂಟ್ ಮ್ಯಾಪ್, ಮಣ್ಣು ಪರೀಕ್ಷೆಯ ವರದಿ, ಟ್ರೆಂಚ್ ಮತ್ತು ಬ್ಯಾಕ್‌ಫಿಲ್ (ಮಣ್ಣು ಮುಚ್ಚುವ ಕೆಲಸ) ಸ್ಪೆಸಿಫಿಕೇಷನ್, ಯಾವ ಯಾವ ಸರ್ವೆ ನಂಬರಿನಲ್ಲಿ ಪರಿಹಾರ ಕೊಟ್ಟು ಮುಗಿದಿದೆ ಅನ್ನುವ ಪಟ್ಟಿ. ಕೊಟ್ಟರೆ ಮಾತು ಮುಂದುವರಿಸಿ. ಟ್ರೆಂಚಿಗೆ ಇಳಿಯುವ ಆಳುಗಳ ಮತ್ತು ಆಪರೇಟರ್‌ಗಳ ವಿಮೆ ಯಾರ ಹೆಸರಿನಲ್ಲಿದೆ ಅಂತಲೂ ಕೇಳಿ, ಪಾಲಿಸಿಯ ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದನ್ನು ಮನೆಯವರಿಗೂ ತೋರಿಸಿ.